ಯಾವ ತೀರ್ಮಾನ ನಮ್ಮದು, ಸಾರ್?

(ಗಾರ್ಮೆಂಟ್ ಕಾರ್ಖಾನೆಗೆ ಹೆಲ್ಪರ್ ಆಗಿ ಸೇರಿ, ಟೈಲರ್, ಸೂಪರ್‌ವೈಸರ್, ಫ್ಲೋರ್ ಇನ್‌ಚಾರ್ಜ್ ಆಗಿ ಕೆಲಸ ಮಾಡಿ, ಈಗ ಹೊಸ ಸೂಪರ್‌ವೈಸರ್‌ಗಳಿಗೆ ತರಬೇತಿ ಕೊಡುವ ನಮ್ಮ ಅಂಕಣಗಾರ್ತಿ ಈ ಸಲದ ಪತ್ರಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ನಾನು ಡಿಪ್ಲೊಮಾ ಓದಿದವನು. ಶ್ರೀರಂಗಪಟ್ಟಣದ ಹತ್ತಿರ ಒಂದು ಶರ್ಟ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿ ಇನ್ನೂ ವರ್ಷ ತುಂಬಿಲ್ಲ. ನನ್ನ ಬ್ಯಾಚಿನಲ್ಲಿ 42 ಮಷೀನ್. ಹೆಚ್ಚಿನವರು ಹೆಣ್ಣುಮಕ್ಕಳು, ಬಹಳ ಜನ ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಟ್ರೈನಿಂಗಿನಲ್ಲಿ 'ತೀರ್ಮಾನ ಮಾಡುವಾಗ ಕೆಲಸಗಾರರನ್ನೂ ಸೇರಿಸಿಕೊಳ್ಳಿ' ಎಂದರು. ಅದಕ್ಕೇ ದಿನಾ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ 'ನೀವೇನು ಹೇಳ್ತೀರಿ?' ಎಂದು ಕೇಳುತ್ತೇನೆ. ಮೊದಮೊದಲು ಒಂದಿಬ್ಬರು ಮಾತಾಡಿದರು. ಈಗ ಎಲ್ಲರೂ ನೆಲ ನೋಡುತ್ತಾರೆ. ಕಾಲರ್ ಹಾಕುವ ಅಕ್ಕ ಒಬ್ಬರು 'ಅದೆಲ್ಲ ನೀವೇ ಹೇಳಿಬಿಡಿ ಸಾರ್, ನಮಗ್ಯಾಕೆ' ಎಂದರು. ಇನ್‌ಚಾರ್ಜ್ ಬೇರೆ 'ಮೀಟಿಂಗ್ ಮಾಡಿ ಟೈಂ ಹಾಳು ಮಾಡ್ತೀಯಾ' ಎಂದು ಬೈಯುತ್ತಾರೆ. ಇದನ್ನೆಲ್ಲ ಬಿಟ್ಟುಬಿಡಲಾ? – ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ಬಿಡಬೇಡಿ. ಆದರೆ 'ನೀವೇನು ಹೇಳ್ತೀರಿ' ಅನ್ನುವ ಆ ಪ್ರಶ್ನೆಯನ್ನು ನಾಳೆಯಿಂದಲೇ ನಿಲ್ಲಿಸಿ.

ಮೊದಮೊದಲು ಒಂದಿಬ್ಬರು ಮಾತಾಡಿದರು ಎಂದು ಬರೆದಿದ್ದೀರಿ. ಅವರು ಏನು ಹೇಳಿದರು, ಆಮೇಲೆ ಅದು ಏನಾಯಿತು ಎಂದು ಬರೆದಿಲ್ಲ. ನನಗೆ ಅನುಮಾನ ಅಲ್ಲೇ. ಒಬ್ಬಾಕೆ 'ಸಾರ್, ಈ ಮಷೀನು ಆ ಕಡೆ ತಿರುಗಿಸಿದರೆ ಬೆಳಕು ಚೆನ್ನಾಗಿ ಬೀಳುತ್ತೆ' ಎಂದಳು ಅಂತಿಟ್ಟುಕೊಳ್ಳಿ. ನೀವು ತಲೆ ಆಡಿಸಿದಿರಿ. 15 ದಿನವಾದರೂ ಮಷೀನು ಇದ್ದಲ್ಲೇ ಇದೆ. ಇಂಥ ಸುದ್ದಿ ಊಟದ ಬೆಲ್ ಹೊಡೆಯುವಷ್ಟರಲ್ಲಿ ಕೊನೆ ಮಷೀನಿನವರೆಗೂ ತಲುಪಿರುತ್ತದೆ. ಆಮೇಲೆ ಯಾರು ಬಾಯಿ ಬಿಡುತ್ತಾರೆ? ಕಾಲರ್ ಅಕ್ಕನಿಗೆ ನಿಮ್ಮ ಮೇಲೆ ಸಿಟ್ಟೇನೂ ಇರಲಾರದು. ಇಂಥ ಮೀಟಿಂಗನ್ನು ಅವರು ನಿಮ್ಮ ಹಿಂದಿನ ಸೂಪರ್‌ವೈಸರ್ ಕಾಲದಲ್ಲೂ, ಅವರ ಹಿಂದಿನವರ ಕಾಲದಲ್ಲೂ ನೋಡಿರುತ್ತಾರೆ, ಅಷ್ಟೇ.

ಕೇಳುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಕೈಯಲ್ಲಿ ನಿಜವಾಗಿ ಏನಿದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಗಂಟೆಗೆ ಎಷ್ಟು ಪೀಸ್ ಅನ್ನುವುದು ನಿಮ್ಮ ಕೈಯಲ್ಲಿ ಇಲ್ಲ. ಅದನ್ನು ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ವಿಭಾಗದವರು ಸ್ಟಾಪ್‌ವಾಚ್ ಹಿಡಿದು, ಒಂದೊಂದು ಆಪರೇಷನ್ನಿಗೂ, ಅಂದರೆ ಹೊಲಿಗೆಯ ಒಂದೊಂದು ಹಂತಕ್ಕೂ, ನಿಮಿಷ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಕನಿಷ್ಠ ಕೂಲಿ ಸರ್ಕಾರ ಗೊತ್ತು ಮಾಡುತ್ತದೆ. ಶಿಪ್‌ಮೆಂಟ್ ತಾರೀಖು ಬಯರ್, ಅಂದರೆ ಶರ್ಟ್ ಕೊಳ್ಳುವ ಕಂಪನಿ, ಹೇಳಿದ್ದು. ಇವುಗಳ ಬಗ್ಗೆ ಬ್ಯಾಚನ್ನು ನಿಲ್ಲಿಸಿ ಅಭಿಪ್ರಾಯ ಕೇಳಿದರೆ ಅದು ಸುಮ್ನೆ ನಾಟಕ. ನಿಮಗೇ ಇಲ್ಲದ ಅಧಿಕಾರವನ್ನು ನೀವು ಹೇಗೆ ಹಂಚುತ್ತೀರಿ?

ಇನ್ನು ನಿಮ್ಮ ಕೈಯಲ್ಲಿ ಇರುವುದು. ಯಾರು ಯಾವ ಮಷೀನಿನಲ್ಲಿ ಕೂರಬೇಕು. ಫ್ಲೋಟರ್ (ಖಾಲಿ ಇದ್ದ ಮಷೀನಿಗೆ ಹೋಗಿ ಕೂರುವ ಟೈಲರ್) ಇವತ್ತು ಎಲ್ಲಿಗೆ ಹೋಗಬೇಕು. ಮುಂದಿನ ತಿಂಗಳು ಯಾವ ಹೆಲ್ಪರ್‌ಗೆ ಮಷೀನ್ ಕಲಿಸಬೇಕು. ಸ್ಟೈಲ್, ಅಂದರೆ ಹೊಲಿಯುವ ಶರ್ಟಿನ ಮಾದರಿ, ಬದಲಾದಾಗ ಮಷೀನುಗಳನ್ನು ಯಾವ ಸಾಲಿನಲ್ಲಿ ಇಡಬೇಕು. ಹಬ್ಬಕ್ಕೆ ಯಾರಿಗೆ ರಜೆ. ಇದು ಚಿಕ್ಕ ಪಟ್ಟಿ ಅನ್ನಿಸಬಹುದು. ಆದರೆ ಮಷೀನಿನ ಮುಂದೆ ದಿನವಿಡೀ ಕೂರುವ ಹೆಣ್ಣುಮಗಳಿಗೆ ಅವಳ ದಿನ ಹೇಗಿರಬೇಕು ಅನ್ನುವುದು ಹೆಚ್ಚುಕಡಿಮೆ ಇದರಿಂದಲೇ ಗೊತ್ತಾಗುವುದು.

ರಜೆಯಿಂದ ಶುರು ಮಾಡಿ. ಗೌರಿ-ಗಣೇಶ ಹಬ್ಬ ಬಂತು ಅಂದರೆ ಪ್ರತಿ ಬ್ಯಾಚಿನಲ್ಲೂ ಜಗಳ. ಎಲ್ಲರಿಗೂ ಊರಿಗೆ ಹೋಗಬೇಕು. ಸೂಪರ್‌ವೈಸರ್ ಮೊದಲು ಕೇಳಿದವರಿಗೆ ಕೊಡುತ್ತಾನೆ, ಇಲ್ಲಾ ಅತ್ತವರಿಗೆ ಕೊಡುತ್ತಾನೆ. ಸಿಗದವರು ಹೇಳದೆ ಕೇಳದೆ ಹೋಗಿಬಿಡುತ್ತಾರೆ. ಸೋಮವಾರ ಬಂದು ನೋಡಿದರೆ ಕಫ್ ಸೆಕ್ಷನ್ ಪೂರ್ತಿ ಖಾಲಿ.

ನೀವು ಹೀಗೆ ಮಾಡಿ. ನಿಮ್ಮ ಷರತ್ತುಗಳನ್ನು ಮೊದಲೇ ಹೇಳಿ: ಒಂದು ದಿನಕ್ಕೆ 5 ಜನಕ್ಕಿಂತ ಜಾಸ್ತಿ ಬಿಡಲು ಆಗಲ್ಲ, ಕಾಲರ್ ಅಟ್ಯಾಚ್ ಮಾಡುವ ಇಬ್ಬರೂ ಒಂದೇ ದಿನ ಹೋಗುವ ಹಾಗಿಲ್ಲ, ಪಟ್ಟಿ ಗುರುವಾರದೊಳಗೆ ನನ್ನ ಕೈಗೆ ಬರಬೇಕು. ಷರತ್ತು ಅಷ್ಟೇ. ಹೆಸರುಗಳು ಅವರದು. ಆ ಪಟ್ಟಿ ಷರತ್ತಿನೊಳಗೆ ಇದ್ದರೆ ಕಣ್ಣು ಮುಚ್ಚಿಕೊಂಡು ಸೈನ್ ಹಾಕಿ. ನೀವು ನೆಚ್ಚಿಕೊಂಡ ಒಳ್ಳೆ ಟೈಲರ್ ಹೆಸರು ಅದರಲ್ಲಿ ಇದ್ದರೂ ಹಾಕಿ. ಅಲ್ಲಿ ಒಂದು ಹೆಸರು ಹೊಡೆದುಹಾಕಿದಿರೋ, ಮುಂದಿನ ಸಲ ಪಟ್ಟಿಯೇ ಬರುವುದಿಲ್ಲ.

ನಾನು ಬ್ಯಾಚ್ ನೋಡಿಕೊಳ್ಳುತ್ತಿದ್ದಾಗ ಹೀಗೆ ಬಂದ ಪಟ್ಟಿಯಲ್ಲಿ ಓವರ್‌ಲಾಕ್‌ನಲ್ಲಿದ್ದ ಒಬ್ಬ ಹುಡುಗಿಯ ಹೆಸರು ಮೊದಲಿತ್ತು. ಸೇರಿ ಆರು ತಿಂಗಳೂ ಆಗಿರಲಿಲ್ಲ. ನಾನಾಗಿದ್ದರೆ ಕೊನೆಗೆ ಇಡುತ್ತಿದ್ದೆ. ಅವಳಿಗೆ ಮದುವೆಯಾದ ಮೇಲಿನ ಮೊದಲ ಗೌರಿ ಹಬ್ಬ ಅದು, ತವರಲ್ಲಿ ಬಾಗಿನ ಕೊಡಲು ಕಾಯುತ್ತಿದ್ದರು. ಪಕ್ಕದ ಇಬ್ಬರು ಅವಳ ಆಪರೇಷನ್ ಹಂಚಿಕೊಂಡು ಮಾಡುತ್ತೇವೆ ಎಂದು ಆಗಲೇ ಮಾತಾಡಿಕೊಂಡಿದ್ದರು. ಯಾರ ಮನೆಯಲ್ಲಿ ಏನಿದೆ, ಯಾರ ಕೆಲಸವನ್ನು ಯಾರು ಎತ್ತಿಕೊಳ್ಳುತ್ತಾರೆ ಅನ್ನುವ ಮಾಹಿತಿ ಯಾವ ಹೆಚ್‌ಆರ್ ಫೈಲಿನಲ್ಲಿ ಇರುತ್ತದೆ ಹೇಳಿ?

ರಜೆ ಪಟ್ಟಿ ಒಂದೆರಡು ಸಲ ಸರಿಯಾಗಿ ನಡೆದ ಮೇಲೆ ಸ್ಟೈಲ್ ಬದಲಾವಣೆಗೆ ಕೈಹಾಕಿ. ಹೊಸ ಸ್ಟೈಲ್ ಬಂದ ಮೊದಲ ದಿನಗಳಲ್ಲಿ ಪ್ರೊಡಕ್ಷನ್ ಬೀಳುತ್ತದೆ, ಬೈಗುಳ ಏರುತ್ತದೆ, ನಿಮಗೂ ಗೊತ್ತು. ಇದು ನಮ್ಮ ಊರಿನ ಕಾಯಿಲೆ ಮಾತ್ರ ಅಲ್ಲ. ಅಮೆರಿಕದ ವರ್ಜೀನಿಯಾದ ಮರಿಯನ್ ಅನ್ನುವ ಊರಿನಲ್ಲಿ ಹಾರ್ವುಡ್ ಎಂಬ ಪೈಜಾಮ ಕಾರ್ಖಾನೆ ಇತ್ತು. ಅಲ್ಲೂ ಹೆಂಗಸರೇ ಜಾಸ್ತಿ, ಅಲ್ಲೂ ಪೀಸ್ ಲೆಕ್ಕ. ಕೆಲಸ ಬದಲಾದಾಗಲೆಲ್ಲ ಜನ ಸಿಟ್ಟಾಗುತ್ತಿದ್ದರು, ಬಿಟ್ಟು ಹೋಗುತ್ತಿದ್ದರು. ಕೋಚ್, ಫ್ರೆಂಚ್ ಎಂಬ ಇಬ್ಬರು ಅಲ್ಲಿ ಒಂದು ಪ್ರಯೋಗ ಮಾಡಿ 1948ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಹೊಸ ಕೆಲಸ, ಹೊಸ ರೇಟು ಇದು ಎಂದು ವಿವರಿಸಿ ಹೇಳಿದರು, ಅಷ್ಟೇ. ಇನ್ನೆರಡು ಗುಂಪುಗಳಲ್ಲಿ ಹೊಸ ಕೆಲಸ ಹೇಗಿರಬೇಕು ಎಂದು ಗೊತ್ತು ಮಾಡುವಾಗಲೇ ಎಲ್ಲರನ್ನೂ ಕೂರಿಸಿಕೊಂಡರು. ಹೇಳಿಸಿಕೊಂಡ ಗುಂಪಿನಲ್ಲಿ ಮೊದಲ 40 ದಿನದಲ್ಲೇ ನೂರಕ್ಕೆ 17 ಜನ ಕೆಲಸ ಬಿಟ್ಟರು. ಕೂತು ಮಾತಾಡಿದ ಗುಂಪುಗಳಲ್ಲಿ ಒಬ್ಬರೂ ಬಿಡಲಿಲ್ಲ, ಪ್ರೊಡಕ್ಷನ್ ಹಳೆಯದಕ್ಕಿಂತ ಸುಮಾರು ನೂರಕ್ಕೆ 14ರಷ್ಟು ಮೇಲೆ ಹೋಯಿತು. ಅವರು ಕೊಟ್ಟ ಸಲಹೆಗಳ ವೇಗಕ್ಕೆ ಬರೆದುಕೊಳ್ಳಲು ಕೂತಿದ್ದ ಸ್ಟೆನೋಗ್ರಾಫರ್‌ಗೆ ಕೈ ಸಾಲಲಿಲ್ಲವಂತೆ. ನನಗೆ ತುಂಬಾ ಇಷ್ಟವಾದ ವಿವರ ಅದು. ಗುಂಪುಗಳು ಚಿಕ್ಕವು, ಕಾಲ ಹಳೆಯದು, ಹಾಗಾಗಿ ನಿಮ್ಮಲ್ಲೂ ಅಷ್ಟೇ ಏರುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ಆದರೆ ಮೊದಲ ಗುಂಪಿಗೂ ವಿವರಣೆ ಸಿಕ್ಕಿತ್ತು, ಪ್ರಶ್ನೆ ಕೇಳಲು ಅವಕಾಶವೂ ಇತ್ತು ಅನ್ನುವುದನ್ನು ಗಮನಿಸಿ. ನಿಮ್ಮ ಬೆಳಗಿನ ಮೀಟಿಂಗ್ ಸದ್ಯಕ್ಕೆ ಆ ಮೊದಲ ಗುಂಪಿನ ಮೀಟಿಂಗ್.

ಸ್ಯಾಂಪಲ್ ಶರ್ಟ್ ಬಂದ ದಿನವೇ ಅದನ್ನು ಸೆಕ್ಷನ್ ಸೆಕ್ಷನ್ನಿಗೆ ಒಯ್ದು ಟೇಬಲ್ ಮೇಲೆ ಹಾಕಿ. ಕಫ್‌ನವರು ಕಫ್ ನೋಡಲಿ, ಅಸೆಂಬ್ಲಿಯವರು ಸೈಡ್ ಸೀಮ್ ನೋಡಲಿ. 'ಇದು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ?' ಎಂದು ಕೇಳಿ. 'ನೀವೇನು ಹೇಳ್ತೀರಿ' ಎಂದರೆ ಯಾರಿಗೂ ಉತ್ತರ ಹೊಳೆಯದು. 'ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ' ಎಂದರೆ ಬೆರಳು ತೋರಿಸುತ್ತಾರೆ. ಆ ಸೆಕ್ಷನ್ನಿನ ಮಷೀನು ಹೇಗೆ ಜೋಡಿಸಬೇಕು ಅನ್ನುವುದನ್ನು ಅವರಿಗೇ ಬಿಡಿ.

ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿ ಕೇಳಬೇಡಿ ಅನ್ನಲು ಇನ್ನೊಂದು ಕಾರಣ ಇದೆ. ಗುಂಪಿನಲ್ಲಿ ಮಾತಾಡುವವರು ಯಾರು? ಧ್ವನಿ ಇರುವವರು, ನಿಮ್ಮ ಊರಿನವರು, ನಿಮ್ಮ ಜಾತಿಯವರು. ಈಗ ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯಿಂದ ಬಂದು ಹಾಸ್ಟೆಲ್‌ನಲ್ಲಿರುವ ಹುಡುಗಿಯರು ಎಷ್ಟೋ ಫ್ಯಾಕ್ಟರಿಗಳಲ್ಲಿದ್ದಾರೆ. ಅವರಿಗೆ ನಿಮ್ಮ ಮಂಡ್ಯ ಕನ್ನಡ ಅರ್ಧ ಗೊತ್ತಾಗಲ್ಲ. ಆರೇಳು ಜನರ ಗುಂಪು ಮಾಡಿ. ಕೆಲವಕ್ಕೆ ಹೆಸರಿಲ್ಲದ ಚೀಟಿ ಒಳ್ಳೆಯದು. ನಮ್ಮ ದೇಶದ್ದೇ ಒಂದು ಗಾರ್ಮೆಂಟ್ ಕಂಪನಿಯಲ್ಲಿ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಸಂಬಳ ಏರಿಕೆ ನಿರೀಕ್ಷೆಗಿಂತ ಕಡಿಮೆಯಾಗಿ ಎಲ್ಲರಿಗೂ ಬೇಜಾರಾಗಿದ್ದ ಸಮಯ. ಕೆಲವರಿಗೆ ಮಾತ್ರ ಹೆಸರು ಹೇಳದೆ ಕೆಲಸದ ಬಗ್ಗೆ, ಸೂಪರ್‌ವೈಸರ್ ಬಗ್ಗೆ ಅನಿಸಿದ್ದು ಹೇಳಲು ಅವಕಾಶ ಕೊಟ್ಟರು. ಆ ಕೆಲವರು ಮುಂದಿನ ತಿಂಗಳುಗಳಲ್ಲಿ ಕೆಲಸ ಬಿಡುವುದು ಉಳಿದವರಿಗಿಂತ ನೂರಕ್ಕೆ 20ರಷ್ಟು ಕಡಿಮೆಯಾಯಿತು. ಹೇಳಿಕೊಳ್ಳಲು ಜಾಗ ಸಿಕ್ಕಿದ್ದಕ್ಕೇ ಅಷ್ಟು. ಅಂದರೆ ಕೇಳುವುದು ದಂಡ ಎಂದು ನಾನೂ ಹೇಳುತ್ತಿಲ್ಲ. ದಿನಾ ಬೆಳಿಗ್ಗೆ ಎಲ್ಲರ ಎದುರು ನಿಲ್ಲಿಸಿ ಕೇಳಿ, ಏನೂ ಮಾಡದಿರುವುದು ದಂಡ.

ಹಂಚಬಾರದ್ದೂ ಇದೆ. ಸೂಜಿ ಮುರಿದರೆ ಎಲ್ಲಾ ಚೂರು ಸಿಗುವ ತನಕ ಹೊಸ ಸೂಜಿ ಇಲ್ಲ. ಅದರ ಮೇಲೆ ಚರ್ಚೆ ಬೇಡ. ಬೆರಳಿಗೆ ಸೂಜಿ ತಾಗದಂತೆ ತಡೆಯುವ ನೀಡಲ್ ಗಾರ್ಡ್ ತೆಗೆಯೋಣವಾ ಅನ್ನುವುದಕ್ಕೆ ಓಟು ಬೇಡ. ಹೆಣ್ಣುಮಗಳೊಬ್ಬಳು ಕಿರುಕುಳದ ದೂರು ಕೊಟ್ಟರೆ ಅದು ಬ್ಯಾಚಿನ ಪಂಚಾಯ್ತಿಗೆ ಹೋಗಬಾರದು, ಅದಕ್ಕೆ ಕಾನೂನಿನ ಪ್ರಕಾರ ಆಂತರಿಕ ಸಮಿತಿ ಇದೆ. ಇನ್ನೊಂದು, ಯಾರನ್ನು ತೆಗೆಯಬೇಕು ಎಂದು ಬ್ಯಾಚಿನವರನ್ನೇ ಕೇಳುವ ಸೂಪರ್‌ವೈಸರ್ ಒಬ್ಬನನ್ನು ನಾನು ನೋಡಿದ್ದೆ. 'ಟೀಮೇ ತೀರ್ಮಾನ ಮಾಡಿತು' ಎಂದು ಮೇಲೆ ರಿಪೋರ್ಟ್ ಕೊಟ್ಟ. ತನ್ನ ಪಾಪವನ್ನು 40 ಜನಕ್ಕೆ ಹಂಚಿದ, ಅಷ್ಟೇ. ಆಮೇಲೆ ಎಷ್ಟೋ ದಿನ ಆ ಬ್ಯಾಚಿನಲ್ಲಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಿಮ್ಮ ಇನ್‌ಚಾರ್ಜ್ ವಿಷಯ. ಬೆಳಗಿನ ಮೀಟಿಂಗ್ ನಿಂತರೆ ಅವರ ಅರ್ಧ ದೂರು ಹೋಗುತ್ತದೆ. ಆದರೆ ರಜೆ ಪಟ್ಟಿಯನ್ನು ಬ್ಯಾಚಿಗೆ ಬಿಟ್ಟಿದ್ದೀರಿ ಎಂದು ಅವರಿಗೆ ಮೊದಲೇ ಹೇಳಿ ಒಪ್ಪಿಸಿ. ಇಲ್ಲದಿದ್ದರೆ ಹಬ್ಬದ ಹಿಂದಿನ ದಿನ ಬಂದು 'ಯಾವ ಪಟ್ಟಿ? ಯಾರಿಗೂ ರಜೆ ಇಲ್ಲ' ಎಂದುಬಿಡುತ್ತಾರೆ, ನಿಮ್ಮ ಮಾತಿಗೆ ಅಲ್ಲಿಗೆ ಬೆಲೆ ಹೋಯಿತು. ಅವರಿಗೆ ಪ್ರಜಾಪ್ರಭುತ್ವದ ಪಾಠ ಹೇಳಬೇಡಿ. ಹೋದ ವರ್ಷ ಹಬ್ಬದ ವಾರ ಎಷ್ಟು ಜನ ಹೇಳದೆ ರಜೆ ಹಾಕಿದ್ದರು, ಈ ವರ್ಷ ಎಷ್ಟು, ಅದನ್ನು ಮಾತ್ರ ತೋರಿಸಿ. ಇನ್‌ಚಾರ್ಜ್‌ಗಳಿಗೆ ಅರ್ಥವಾಗುವ ಭಾಷೆ ಅದು. ನಾನೂ ಆ ಕುರ್ಚಿಯಲ್ಲಿ ಕೂತವಳೇ.

ಪ್ರಶ್ನೆ: ನಾನು ಲೇಡಿ ಸೂಪರ್‌ವೈಸರ್. ಕಫ್ ಸೆಕ್ಷನ್ನಿನ ಕೆಲಸ ಹೇಗೆ ಹಂಚಿಕೊಳ್ಳಬೇಕು ಅನ್ನುವುದನ್ನು ಅವರಿಗೇ ಬಿಟ್ಟೆ. ಬೇಗ ಆಗಲಿ ಎಂದು ಅವರು ಕಟಿಂಗ್‌ನಿಂದ ಬಂದ ತುಂಡುಗಳ ಎರಡು ಬಂಡಲ್ ಒಟ್ಟಿಗೆ ಬಿಚ್ಚಿ ಹೊಲಿದರು. ನಂಬರ್ ಸ್ಟಿಕ್ಕರ್ ಅದಲುಬದಲಾಗಿ ಕಫ್ ಒಂದು ಶೇಡ್, ಸ್ಲೀವ್ ಒಂದು ಶೇಡ್ ಆಯಿತು. 60 ಪೀಸ್ ಆಲ್ಟರ್, ಅಂದರೆ ಬಿಚ್ಚಿ ಮತ್ತೆ ಸರಿ ಮಾಡಬೇಕು. ಮ್ಯಾನೇಜರ್ ಎಲ್ಲರ ಎದುರು ನನ್ನನ್ನು ಬೈದರು. ಇನ್ನು ಮೇಲೆ ಇದೆಲ್ಲ ಬೇಡ ಅಂತ ಅನ್ನಿಸಿದೆ. – ದೊಡ್ಡಬಳ್ಳಾಪುರದ ಓದುಗರು

ಉತ್ತರ: ಮೊದಲು ಒಂದು ಪ್ರಶ್ನೆ. ಬಂಡಲಿಗೆ ನಂಬರ್ ಯಾಕೆ ಹಾಕುತ್ತಾರೆ ಎಂದು ಆ ಸೆಕ್ಷನ್ನಿನವರಿಗೆ ಯಾರಾದರೂ ಯಾವತ್ತಾದರೂ ಹೇಳಿದ್ದಾರಾ? ಒಂದೇ ಥಾನಿನಲ್ಲೂ ಬಣ್ಣ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ಅದಕ್ಕೇ ಒಂದು ಪದರದ ತುಂಡುಗಳು ಒಂದೇ ಶರ್ಟಿಗೆ ಹೋಗಬೇಕು ಅನ್ನುವುದು ಕಟಿಂಗ್‌ನವರಿಗೆ ಗೊತ್ತು, ನಿಮಗೆ ಗೊತ್ತು. ಕಫ್ ಹೊಲಿಯುವವರಿಗೆ ಆ ಸ್ಟಿಕ್ಕರ್ ಬರೀ ಅಂಟಿಕೊಂಡ ಕಾಗದ. ತೀರ್ಮಾನ ಅವರಿಗೆ ಕೊಟ್ಟಿರಿ, ತೀರ್ಮಾನಕ್ಕೆ ಬೇಕಾದ ವಿಷಯ ನಿಮ್ಮ ಹತ್ತಿರವೇ ಉಳಿಯಿತು.

ವಾಪಸ್ ಕಿತ್ತುಕೊಳ್ಳಬೇಡಿ. ಆ 60 ಪೀಸನ್ನು ಅವರ ಟೇಬಲ್ಲಿಗೇ ತನ್ನಿ. ಬೈಯಲು ಅಲ್ಲ, ಶೇಡ್ ವ್ಯತ್ಯಾಸ ಹೊರಗಿನ ಬೆಳಕಿನಲ್ಲಿ ಹೇಗೆ ಕಾಣುತ್ತದೆ ಎಂದು ತೋರಿಸಲು. ಹೇಗೆ ಸರಿ ಮಾಡುವುದು, ಮುಂದೆ ಬಂಡಲ್ ಹೇಗೆ ಬಿಚ್ಚುವುದು, ಅವರೇ ಹೇಳಲಿ. ಜೊತೆಗೆ ಇನ್ನೊಂದು ಅಧಿಕಾರ ಕೊಡಿ: ಸ್ಲೀವ್ ಅಟ್ಯಾಚ್ ಮಾಡುವವಳಿಗೆ ನಂಬರ್ ತಾಳೆ ಆಗದ ಕಫ್ ಬಂದರೆ, ಅದನ್ನು ಹೊಲಿಯದೆ ಹಿಂದಕ್ಕೆ ಕೊಡಬಹುದು. ನಿಮ್ಮನ್ನು ಕೇಳಬೇಕಾಗಿಲ್ಲ. ಟೊಯೋಟಾದವರು ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದರು. ಅಲ್ಲಿ ಲೈನ್ ಪಕ್ಕದ ಹಗ್ಗವನ್ನು ಯಾವ ಕೆಲಸಗಾರ ಬೇಕಾದರೂ ಎಳೆಯಬಹುದು. ಟೀಮ್ ಲೀಡರ್ ಓಡಿ ಬರುತ್ತಾನೆ, ಸರಿ ಹೋಗದಿದ್ದರೆ ಲೈನೇ ನಿಲ್ಲುತ್ತದೆ. ನಮ್ಮಲ್ಲಿ 'ಮೊದಲು ಓಡಿಸು, ಆಲ್ಟರ್ ಆಮೇಲೆ' ಅನ್ನುವ ಅಭ್ಯಾಸ. 60 ಪೀಸ್ ಆಗುವ ತನಕ ಯಾರೂ ತಡೆಯಲಿಲ್ಲ ನೋಡಿ. ಮೂರನೇ ಪೀಸಿಗೇ ಯಾರಿಗೋ ಗೊತ್ತಾಗಿರುತ್ತದೆ.

ಮ್ಯಾನೇಜರ್ ಬೈಗುಳ ಮಾತ್ರ ನಿಮ್ಮದೇ. 'ನಾನಲ್ಲ ಸಾರ್, ಅವರು ಮಾಡಿದ್ದು' ಎಂದು ಅಂದಿರಬಾರದು ಅಂತ ಆಸೆ. ಕೆಲಸದ ತೀರ್ಮಾನ ಕೆಳಗೆ ಕೊಡಬಹುದು, ಮೇಲಿನಿಂದ ಬರುವ ಏಟನ್ನು ಕೆಳಗೆ ಕಳಿಸುವ ಹಾಗಿಲ್ಲ. ನಿಮಗೆ ಕೊಡುವ ಸೂಪರ್‌ವೈಸರ್ ಸಂಬಳದಲ್ಲಿ ಅದೂ ಸೇರಿದೆ.

ಪ್ರಶ್ನೆ: ನಾನು ಟೈಲರ್, ನಮ್ಮ ಫ್ಯಾಕ್ಟರಿಯ ವರ್ಕ್ಸ್ ಕಮಿಟಿಯಲ್ಲಿ (ಮಾಲೀಕರ ಕಡೆಯವರೂ ಕೆಲಸಗಾರರೂ ಕೂತು ಮಾತಾಡುವ ಸಮಿತಿ) ಇದ್ದೇನೆ. ಮೀಟಿಂಗಿನಲ್ಲಿ ಟೀ, ಬಿಸ್ಕತ್ತು ಕೊಡುತ್ತಾರೆ, ಆಗಲೇ ಬರೆದಿಟ್ಟ ಪುಸ್ತಕಕ್ಕೆ ಸೈನ್ ಮಾಡಿಸಿಕೊಳ್ಳುತ್ತಾರೆ. ಇದರಿಂದ ಏನು ಉಪಯೋಗ? – ಬೆಂಗಳೂರು

ಉತ್ತರ: ಸೈನ್ ಮಾಡುವ ಮೊದಲು ಓದಿ. ಓದಲು ಟೈಂ ಕೊಡದಿದ್ದರೆ 'ಓದಿಲ್ಲ' ಎಂದು ಬರೆದು ಸೈನ್ ಮಾಡಿ. ಒಂದೇ ಸಲ ಹೀಗೆ ಮಾಡಿದರೆ ಸಾಕು, ಮುಂದಿನ ಮೀಟಿಂಗಿನ ರೀತಿಯೇ ಬೇರೆ ಆಗಿರುತ್ತದೆ.

ಈ ಕಮಿಟಿ ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟದ್ದಲ್ಲ. 100 ಅಥವಾ ಹೆಚ್ಚು ಕೆಲಸಗಾರರು ಇರುವ ಕಡೆ ವರ್ಕ್ಸ್ ಕಮಿಟಿ ಮಾಡಿಸುವ ಅವಕಾಶ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲೇ ಇತ್ತು, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ಕೆಲಸಗಾರರ ಕಡೆಯವರು ಮಾಲೀಕರ ಕಡೆಯವರಿಗಿಂತ ಕಡಿಮೆ ಇರುವ ಹಾಗಿಲ್ಲ. ಕೆಲಸಗಾರರಿಗೂ ಆಡಳಿತದಲ್ಲಿ ಪಾಲು ಇರಬೇಕು ಎಂದು 1976ರ 42ನೇ ತಿದ್ದುಪಡಿಯಲ್ಲಿ ಸಂವಿಧಾನಕ್ಕೇ 43ಎ ವಿಧಿ ಸೇರಿಸಿದರು. ಬರೆದದ್ದು ಭರ್ಜರಿ, ನಡೆಯುವುದು ಬಿಸ್ಕತ್ತು!

ಆದರೂ ಕುರ್ಚಿ ಬಿಡಬೇಡಿ. ಏಪ್ರಿಲ್ 2016 ನೆನಪಿದೆಯಾ? ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದ ತನಕ ತೆಗೆಯುವ ಹಾಗಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಬೊಮ್ಮನಹಳ್ಳಿ ಕಡೆ ಸಾವಿರಾರು ಹೆಣ್ಣುಮಕ್ಕಳು ಮಷೀನ್ ಬಿಟ್ಟು ಹೊಸೂರು ರಸ್ತೆಗೆ ಇಳಿದರು. ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ಮರುದಿನವೇ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಅವರ ದುಡ್ಡಿನ ಬಗ್ಗೆ ಅವರನ್ನು ಕೇಳದೆ ತೀರ್ಮಾನ ಮಾಡಿದ್ದರು, ಅದರ ಫಲ. ಆದರೆ ಲಾಠಿ ಏಟು ತಿಂದವರೂ, ಕೇಸು ಹಾಕಿಸಿಕೊಂಡವರೂ ಕೆಲಸಗಾರರೇ. ಕಮಿಟಿ ಕುರ್ಚಿಯಲ್ಲಿ ಕೂತು ಒಂದು ವಿಷಯ ಗೆದ್ದರೂ ಅಷ್ಟು ಏಟು ಉಳಿಯುತ್ತದೆ. ಒಂದು ಮೀಟಿಂಗಿಗೆ ಒಂದೇ ವಿಷಯ ಹಿಡಿದುಕೊಳ್ಳಿ. ಟಾಯ್ಲೆಟ್ ಆಗಲಿ, ಫ್ಯಾಕ್ಟರಿ ಗಾಡಿ ಹೊರಡುವ ಟೈಂ ಆಗಲಿ. ಯಾರು, ಯಾವ ತಾರೀಖಿನೊಳಗೆ ಮಾಡುತ್ತಾರೆ ಎಂದು ಪುಸ್ತಕದಲ್ಲಿ ಬರೆಸಿ.

ಪ್ರಶ್ನೆ: ತಿಪಟೂರಿನಲ್ಲಿ ನನ್ನದು ಚಿಕ್ಕ ಹೋಟೆಲ್. ಭಟ್ಟರು, ಸಪ್ಲೈಯರ್, ಕ್ಲೀನರ್ ಎಲ್ಲಾ ಸೇರಿ 6 ಜನ. ಅಧಿಕಾರ ಹಂಚುವುದೆಲ್ಲ ನಮ್ಮಂಥವರಿಗೆ ಯಾಕೆ? ಭಟ್ಟರು ಈಗಾಗಲೇ ನನ್ನ ಕೇಳದೆ ಸಾಗು ಬದಲು ಕುರ್ಮ ಮಾಡಿಬಿಡುತ್ತಾರೆ!

ಉತ್ತರ: ನೀವು ಹಂಚದಿದ್ದರೇನು, ನಿಮ್ಮ ಭಟ್ಟರು ತಮ್ಮ ಪಾಲನ್ನು ತಾವೇ ತೆಗೆದುಕೊಂಡಿದ್ದಾರಲ್ಲ! ಅದನ್ನು ಒಪ್ಪಿಕೊಂಡು ಗೆರೆ ಎಳೆದುಬಿಡಿ. ಪೂರಿಗೆ ಸಾಗುವೋ ಕುರ್ಮವೋ ಅವರ ಇಷ್ಟ. ತರಕಾರಿ, ಎಣ್ಣೆಗೆ ದಿನಕ್ಕೆ ಇಷ್ಟು ರೂಪಾಯಿ ಅನ್ನುವುದು ನಿಮ್ಮದು. ಬದಲಾವಣೆ ಇದ್ದರೆ ಹಿಂದಿನ ರಾತ್ರಿಯೇ ಹೇಳಬೇಕು. ರೇಟ್ ಬೋರ್ಡ್ ನಿಮ್ಮದು.

ಹೋಟೆಲಿಗೂ ಇದಕ್ಕೂ ಸಂಬಂಧ ಇಲ್ಲ ಅನ್ನಬೇಡಿ. ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿರುವ ಇಂಡಿಯಾ ಕಾಫಿ ಹೌಸ್ ಕೆಲಸಗಾರರದ್ದೇ ಸಹಕಾರ ಸಂಘ. ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ ಕೇರಳದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮುಂದಾಳತ್ವದಲ್ಲಿ ಕೆಲಸಗಾರರೇ ಸೇರಿ ಅವುಗಳನ್ನು ವಹಿಸಿಕೊಂಡರು. ಬೆಂಗಳೂರಿನ ಸಂಘ 1957ರದ್ದು. ಪೇಟ ಕಟ್ಟಿಕೊಂಡು ನಿಮ್ಮ ಟೇಬಲ್ಲಿಗೆ ಕಾಫಿ ತರುವವರು ಅಲ್ಲಿ ಸಂಘದ ಸದಸ್ಯರು. ನಿಮ್ಮ ಹೋಟೆಲನ್ನು ಬರೆದುಕೊಟ್ಟುಬಿಡಿ ಎಂದು ನಾನೇನೂ ಹೇಳುತ್ತಿಲ್ಲ, ಗಾಬರಿ ಬೇಡ.

ಆದರೆ ಭಟ್ಟರ ಜೊತೆ ಮಾತಿಗೆ ಕೂತಾಗ ಕ್ಲೀನರ್ ಹುಡುಗನನ್ನೂ ಕೂರಿಸಿಕೊಳ್ಳಿ. ತಟ್ಟೆಯಲ್ಲಿ ಏನು ಉಳಿದು ವಾಪಸ್ ಬರುತ್ತದೆ ಎಂದು ನಿಮ್ಮಿಬ್ಬರಿಗಿಂತ ಚೆನ್ನಾಗಿ ಅವನಿಗೆ ಗೊತ್ತು. ಕುರ್ಮ ಉಳಿಯುತ್ತದೋ, ಸಾಗು ಉಳಿಯುತ್ತದೋ ಅವನೇ ಹೇಳಲಿ. ಭಟ್ಟರಿಗೆ ಮೊದಲ ದಿನ ಸ್ವಲ್ಪ ಸಿಟ್ಟು ಬರಬಹುದು.